ಆಲ್ಪ್ಸ್ ಏರುವವರೆಲ್ಲ ಇಳಿಯುವುದನ್ನೂ ಕಲಿಯಿರಿ

ಜೂನ್ ಬಂತೆಂದರೆ ಬೆಂಗಳೂರಿನ ಗೆಳೆಯರೋ ನೆಂಟರೋ ಒಬ್ಬರಾದರೂ ಮ್ಯೂನಿಕ್‌ನ ನಮ್ಮ ಮನೆಗೆ ಬಂದಿಳಿದು, ‘ಆಲ್ಪ್ಸ್‌ನಲ್ಲಿ ಸೈಕಲ್ ಹೊಡೀಬೇಕು’ ಅನ್ನುತ್ತಾರೆ. ಹೊಡೆಯಲಿ, ಸಂತೋಷ. ಆದರೆ ಎಲ್ಲರೂ ತಲೆಕೆಡಿಸಿಕೊಳ್ಳುವುದು ಏರುವುದರ ಬಗ್ಗೆ. ನಾನು ನೋಡಿದ ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ಆಗಿದ್ದು ಇಳಿಯುವಾಗ.

ಮೊದಲು ದಾರಿ ಆರಿಸಿ

ಮೊದಲ ಸಲವಾದರೆ ನನ್ನ ಉತ್ತರ ಒಂದೇ: ವಿಯಾ ಕ್ಲೌಡಿಯಾ ಆಗಸ್ಟಾ. ಕ್ರಿ.ಪೂ. 15ರಲ್ಲಿ ಆಲ್ಪ್ಸ್ ದಾಟಿದ ರೋಮನ್ ಸೇನಾನಿ ಡ್ರೂಸಸ್‌ನ ಹಾದಿಯನ್ನು ಅವನ ಮಗ, ಚಕ್ರವರ್ತಿ ಕ್ಲಾಡಿಯಸ್, ಕ್ರಿ.ಶ. 46-47ರ ಹೊತ್ತಿಗೆ ಪೂರ್ತಿ ರಸ್ತೆಯಾಗಿಸಿದ. ಗಾಡಿಗಳಿಗೆ ಒಗ್ಗುವಂತೆ ಎಲ್ಲಿ ತಗ್ಗೋ ಅಲ್ಲೇ ನುಸುಳುವ ರಸ್ತೆ. ನಮ್ಮ ಮಂಡಿಗೂ ಅದೇ ಅನುಕೂಲ. ಮ್ಯೂನಿಕ್‌ನಿಂದ ರೈಲಿನಲ್ಲಿ ಎರಡು ಗಂಟೆಯ ಫ್ಯೂಸೆನ್‌ನಿಂದ ಹೊರಟು ಆಸ್ಟ್ರಿಯಾದ ಫರ್ನ್ ಪಾಸ್ (ಪಾಸ್ ಅಂದರೆ ಬೆಟ್ಟಸಾಲು ದಾಟುವ ದಾರಿ), ಇಮ್ಸ್ಟ್, ಲಾಂಡೆಕ್, ಆಮೇಲೆ ರೆಶೆನ್ ಪಾಸ್ ದಾಟಿದರೆ ಇಟಲಿ. ಅಲ್ಲಿಂದ ಮೆರಾನೊ, ಬೋಲ್ಜಾನೊ, ಟ್ರೆಂಟೊ, ವೆರೋನಾ. ಏಳೆಂಟು ದಿನ ಇಟ್ಟುಕೊಳ್ಳಿ. ಐದು ದಿನದಲ್ಲಿ ಮುಗಿಸುವವರಿದ್ದಾರೆ. ಅವರಿಗೆ ಈ ಲೇಖನ ಬೇಡ.

ಕಾಲ: ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯ.

ಎತ್ತರದ ಲೆಕ್ಕ

‘ರೆಶೆನ್ 1,507 ಮೀಟರ್ ತಾನೇ? ನಂದಿಬೆಟ್ಟವೂ ಹೆಚ್ಚುಕಡಿಮೆ ಅಷ್ಟೇ ಇದೆ, ಪ್ರತಿ ಭಾನುವಾರ ಹತ್ತುತ್ತೇನೆ’ ಅಂದಿದ್ದ ನನ್ನ ಭಾವಮೈದ. ನಂದಿಯ ಬುಡವೇ ಸಾವಿರ ಮೀಟರ್ ಆಸುಪಾಸಿನಲ್ಲಿದೆ ಮಾರಾಯ, ನೀನು ಹತ್ತುವುದು ಉಳಿದದ್ದನ್ನು ಮಾತ್ರ ಅಂದೆ. ನೆತ್ತಿಯ ಎತ್ತರ ನೋಡಬೇಡಿ. ಆ ದಿನ ಒಟ್ಟು ಎಷ್ಟು ಮೀಟರ್ ಏರಬೇಕು ಅನ್ನುವುದನ್ನು ನೋಡಿ. ಸಾಮಾನು ಹೇರಿಕೊಂಡ ಸಾಧಾರಣ ಸವಾರ ಗಂಟೆಗೆ 400 ಮೀಟರ್ ಏರುತ್ತಾನೆ. ಅದಕ್ಕಿಂತ ಹೆಚ್ಚು ಲೆಕ್ಕ ಹಾಕಬೇಡಿ. ದಿನಕ್ಕೆ ಸಾವಿರ ಮೀಟರ್ ದಾಟಬಾರದು ಎಂಬುದು ನನ್ನ ಹಟ. ಮಧ್ಯಾಹ್ನದ ಮೇಲೆ ಬೆಟ್ಟದಲ್ಲಿ ಗುಡುಗು ಮಳೆ ಕಟ್ಟಿಕೊಳ್ಳುವುದು ಮಾಮೂಲು, ಹಾಗಾಗಿ ಏರುವುದೆಲ್ಲ ಊಟದೊಳಗೆ ಮುಗಿಯಬೇಕು.

ಸೈಕಲ್ಲು, ಸಾಮಾನು

ಗೇರ್ ವಿಷಯದಲ್ಲಿ ಒಂದೇ ನಿಯಮ. ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲು ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲಿಗಿಂತ ಕಡಿಮೆ ಇರಬೇಕು. ಮುಂದೆ 34, ಹಿಂದೆ 34 ಇರುವ ರೇಸಿಂಗ್ ಸೈಕಲ್‌ನಲ್ಲಿ, ಲಗೇಜ್ ಹೊತ್ತು, ನೂರಕ್ಕೆ ಏಳರ ಏರಿನಲ್ಲಿ ಗಂಟೆಗೆ ಐದು ಕಿ.ಮೀ. ಹೋದರೆ ಪೆಡಲ್ ನಿಮಿಷಕ್ಕೆ ನಲವತ್ತು ಸುತ್ತು ಹಾಕುತ್ತದೆ. ಅದು ತುಳಿಯುವುದಲ್ಲ, ಗಾಣ ಎಳೆಯುವುದು. ಮುಂದೆ 22 ಇದ್ದರೆ ಅದೇ ವೇಗಕ್ಕೆ ಅರವತ್ತು ದಾಟುತ್ತದೆ, ಮಂಡಿ ಉಳಿಯುತ್ತದೆ.

ಬೆನ್ನಿಗೆ ಚೀಲ ಬೇಡ. ಹಿಂದಿನ ಕ್ಯಾರಿಯರ್‌ಗೆ ಎರಡು ಚೀಲ ಸಾಕು. ಅಗ್ಗದ ಚೀಲದ ಪ್ಲಾಸ್ಟಿಕ್ ಕೊಕ್ಕೆ ಮೊದಲ ಜಲ್ಲಿ ದಾರಿಯಲ್ಲೇ ಕೈಕೊಡುತ್ತದೆ. ಕೊಂಡೇಬಿಟ್ಟಿದ್ದರೆ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿಯಾಗಿ ಕಟ್ಟಿ. ಸೀಟಿಗೆ ಹಾಕುವ ಜೆಲ್ ಕವರ್ ಶುದ್ಧ ದಂಡ: ಎರಡನೇ ದಿನಕ್ಕೆ ಜರುಗತೊಡಗುತ್ತದೆ, ಮೂರನೇ ದಿನ ಎಲ್ಲಿ ಉಜ್ಜಬಾರದೋ ಅಲ್ಲಿ ಉಜ್ಜುತ್ತದೆ. ಎಲೆಕ್ಟ್ರಿಕ್ ಸೈಕಲ್ ತೆಗೆದುಕೊಂಡರೆ ಅವಮಾನವೇನಿಲ್ಲ. ಆದರೆ ಅದರ ಭಾರವನ್ನೂ ಇಳಿಜಾರಿನಲ್ಲಿ ನೀವೇ ತಡೆಯಬೇಕು.

ಏರುವುದು

ನಿಧಾನ. ಮಾತಾಡುತ್ತಾ ಹೋಗುವಷ್ಟು ನಿಧಾನ. ಜೇಬಿನಲ್ಲಿ ಖರ್ಜೂರ, ಶೇಂಗಾ ಚಿಕ್ಕಿ.

ಎರಡು ಕಡೆ ಮಾತ್ರ ಎಚ್ಚರ. ಫರ್ನ್ ಪಾಸ್‌ನ (1,216 ಮೀ.) ಹೆದ್ದಾರಿಗೆ ಇಳಿಯಬೇಡಿ, ಲಾರಿಗಳ ಕಾಟ. ಕಾಡಿನೊಳಗಿನ ಸೈಕಲ್ ದಾರಿ ಒರಟು, ತಳ್ಳಿಕೊಂಡು ಹೋಗುವ ಜಾಗವೂ ಇದೆ. ಬೇಡವೆಂದರೆ ಸೈಕಲ್ ಹೊತ್ತೊಯ್ಯುವ ಷಟಲ್ ಬಸ್ ಹಿಡಿಯಿರಿ, ಮೊದಲೇ ಸೀಟು ಕಾದಿರಿಸಿ. ಇನ್ನೊಂದು, ಫುಂಡ್ಸ್ ದಾಟಿದ ಮೇಲೆ ನೇರ ಹೆದ್ದಾರಿ ಬಿಟ್ಟು ಇನ್ ನದಿಯ ಪಕ್ಕ ಸ್ವಿಟ್ಜರ್ಲೆಂಡ್‌ನ ಮಾರ್ಟಿನಾಗೆ ಹೋಗಿ, ಅಲ್ಲಿಂದ ಹನ್ನೊಂದು ಹೇರ್‌ಪಿನ್ ತಿರುವುಗಳಲ್ಲಿ 1,405 ಮೀಟರಿನ ನೋರ್ಬರ್ಟ್ಸ್‌ಹೋಹೆ ಏರಿ. ಮಾರ್ಟಿನಾಗೆ ಮುಂಚೆಯೇ ಫೋನಿನ ಡೇಟಾ ಆಫ್ ಮಾಡಿ. ಯುರೋಪಿಯನ್ ಒಕ್ಕೂಟದ ರೋಮಿಂಗ್ ನಿಯಮ ಸ್ವಿಟ್ಜರ್ಲೆಂಡ್‌ಗೆ ಅನ್ವಯಿಸುವುದಿಲ್ಲ. ಒಂದೇ ಒಂದು ಗಂಟೆಯ ಸ್ವಿಸ್ ಸವಾರಿಗೆ ನಾನು ಕಟ್ಟಿದ ಬಿಲ್ ಹೇಳಿದರೆ ನನ್ನ ಹೆಂಡತಿಗೆ ಈಗಲೂ ಸಿಟ್ಟು ಬರುತ್ತದೆ.

ನೌಡರ್ಸ್ ದಾಟಿ ರೆಶೆನ್ ಮುಟ್ಟಿದರೆ ಸರೋವರದ ನಡುವೆ ಚರ್ಚಿನ ಗಂಟೆಗೋಪುರ ಒಂದೇ ನಿಂತಿರುತ್ತದೆ. 1950ರಲ್ಲಿ ಅಣೆಕಟ್ಟಿನ ನೀರಿಗೆ ಮುಳುಗಿದ ಗ್ರೌನ್ ಊರಿನದು. ಗೊರೂರು ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚ್ ನೋಡಿದವರು ಇಲ್ಲಿ ಸ್ವಲ್ಪ ಹೊತ್ತು ಮಾತು ನಿಲ್ಲಿಸುತ್ತಾರೆ.

ಇಳಿಯುವುದು

ಈಗ ವಿಷಯಕ್ಕೆ ಬರೋಣ. ಗೋಪುರ ದಾಟಿ ಸೇಂಟ್ ವ್ಯಾಲಂಟಿನ್ ಊರು ಬಿಟ್ಟ ಮೇಲೆ ಮಾಲ್ಸ್ ಊರಿನ ತನಕ ಹತ್ತು ಕಿ.ಮೀ. ಆಸುಪಾಸಿನಲ್ಲಿ 400 ಮೀಟರ್ ಇಳಿಯುತ್ತೀರಿ. ಭಾವಮೈದ ಇಲ್ಲಿ ಹೆದರಿ, ಎರಡೂ ಬ್ರೇಕನ್ನು ಅರ್ಧರ್ಧ ಅದುಮಿ ಹಿಡಿದೇ ಇದ್ದ. ‘ಭಾವಾ, ಏನೋ ಸುಟ್ಟ ವಾಸನೆ’ ಅಂದ. ಹಿಂತಿರುಗಿ ನೋಡುವಷ್ಟರಲ್ಲಿ ಢಂ ಎಂದು ಹಿಂದಿನ ಟ್ಯೂಬ್ ಸಿಡಿಯಿತು. ಪುಣ್ಯಕ್ಕೆ ಹುಲ್ಲಿನ ಮೇಲೆ ಬಿದ್ದ. ಎದ್ದವನು ರಿಮ್ ಮುಟ್ಟಿ ಬೆರಳನ್ನು ಬಾಯಿಗಿಟ್ಟುಕೊಂಡ.

ಆದದ್ದಿಷ್ಟು. ಸವಾರ, ಸೈಕಲ್, ಸಾಮಾನು ಸೇರಿ ನೂರು ಕಿಲೋ ಎಂದುಕೊಳ್ಳಿ. 500 ಮೀಟರ್ ಇಳಿದರೆ ಹೊರಬೀಳುವ ಶಕ್ತಿ ಒಂದೂವರೆ ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು. ವೇಗವಾಗಿ ಹೋದರೆ ಅದರಲ್ಲಿ ದೊಡ್ಡ ಪಾಲನ್ನು ಗಾಳಿ ನುಂಗುತ್ತದೆ. ಬ್ರೇಕ್ ಹಿಡಿದೇ ತೆವಳಿದರೆ ಅಷ್ಟೂ ರಿಮ್‌ಗೆ, ಅಲ್ಲಿಂದ ಟ್ಯೂಬಿಗೆ. ಡಿಸ್ಕ್ ಬ್ರೇಕ್ ಆದರೆ ಟ್ಯೂಬ್ ಉಳಿಯುತ್ತದೆ, ಪ್ಯಾಡ್ ಗಾಜಿನಂತೆ ನುಣುಪಾಗಿ ಹಿಡಿತ ಬಿಡುತ್ತದೆ.

ಹಾಗಾದರೆ ಹೇಗೆ? ನೇರ ದಾರಿಯಲ್ಲಿ ಬ್ರೇಕ್ ಬಿಟ್ಟು ಎದೆಯೆತ್ತಿ ಕೂರಿ, ಗಾಳಿಯೇ ಅರ್ಧ ಕೆಲಸ ಮಾಡುತ್ತದೆ. ತಿರುವು ಕಾಣುತ್ತಿದ್ದಂತೆ, ಸೈಕಲ್ ಇನ್ನೂ ನೆಟ್ಟಗಿರುವಾಗಲೇ, ಮೈಯನ್ನು ಸೀಟಿನ ಹಿಂಭಾಗಕ್ಕೆ ಜರುಗಿಸಿ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ. ಸಾಕೆನಿಸುವುದಕ್ಕಿಂತ ಇನ್ನೂ ತುಸು ಇಳಿಸಿ. ತಿರುವಿನೊಳಗೆ ಬ್ರೇಕ್ ಪೂರ್ತಿ ಬಿಟ್ಟು, ಹೊರಬದಿಯ ಪೆಡಲನ್ನು ಕೆಳಗೆ ಒತ್ತಿ, ಕಣ್ಣನ್ನು ತಿರುವಿನ ಆಚೆ ಕೊನೆಗೆ ನೆಡಿ. ಕಣ್ಣು ಪ್ರಪಾತ ನೋಡಿದರೆ ಸೈಕಲ್ಲೂ ಅತ್ತಲೇ ಎಳೆಯುತ್ತದೆ. ಹಿಡಿ, ಬಿಡು, ತಿರುಗು: ಇಷ್ಟನ್ನು ಮನೆ ಹತ್ತಿರದ ಸೇತುವೆಯ ಇಳಿಜಾರಿನಲ್ಲಿ ಸಾಮಾನು ಹೇರಿಕೊಂಡೇ ಹತ್ತು ಸಲ ಮಾಡಿ ಬನ್ನಿ. ಸುಟ್ಟ ವಾಸನೆ ಬಂತೋ, ನಿಲ್ಲಿಸಿ, ಕಾಲು ಗಂಟೆ ಆರಲು ಬಿಡಿ. ರಿಮ್ ಮೇಲೆ ನೀರು ಸುರಿಯಬೇಡಿ.

ನಮ್ಮವರಿಗೇ ಎರಡು ಮಾತು. ಇಲ್ಲಿ ಬಲಕ್ಕೆ ಓಡಿಸಬೇಕು. ಹೊರಡುವಾಗ ಎಲ್ಲರಿಗೂ ನೆನಪಿರುತ್ತದೆ, ಫೋಟೊ ತೆಗೆದು ಮತ್ತೆ ಸೈಕಲ್ ಹತ್ತಿದಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಎರಡನೆಯದು, ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಹಿಡಿಕೆ ಮುಂದಿನ ಬ್ರೇಕು. ಇಲ್ಲಿನ ಬಾಡಿಗೆ ಸೈಕಲ್‌ಗಳಲ್ಲಿ ಬಹುಪಾಲು ಎಡಗೈಯದು. ಅಂಗಡಿ ಅಂಗಳದಲ್ಲೇ ನಾಲ್ಕು ಸುತ್ತು ಹಾಕಿ ನೋಡಿ.

ಬಟ್ಟೆಯ ವಿಷಯ. ಸಾವಿರ ಮೀಟರ್ ಮೇಲೇರಿದರೆ ಆರೇಳು ಡಿಗ್ರಿ ಚಳಿ ಹೆಚ್ಚು, ಮೈ ಬೇರೆ ಬೆವರಿನಲ್ಲಿ ಒದ್ದೆ. ನೆತ್ತಿ ಮುಟ್ಟಿದೊಡನೆ, ಕಾಫಿಗಿಂತ ಮೊದಲು, ಒಣ ಬನಿಯನ್ನು, ಗಾಳಿ ತಡೆಯುವ ಜಾಕೆಟ್, ಪೂರ್ತಿ ಬೆರಳಿನ ಕೈಗವಸು. ಮರಗಟ್ಟಿದ ಬೆರಳಿಗೆ ಬ್ರೇಕ್ ಸಿಗುವುದಿಲ್ಲ. ಪೋಂಚೋ ಮಾತ್ರ ಬೇಡ, ಗಾಳಿಗೆ ಹಾಯಿಯಂತೆ ಉಬ್ಬುತ್ತದೆ. ಜಾಕೆಟ್ ಮರೆತರೆ ಹಳೆಯ ರೇಸ್ ಸವಾರರ ಉಪಾಯವಿದೆ: ಎದೆಯ ಮೇಲೆ, ಅಂಗಿಯೊಳಗೆ, ದಿನಪತ್ರಿಕೆ ಹಾಸಿಕೊಳ್ಳುವುದು. ಈ ಪುರವಣಿ ಸಾಕಾಗುವುದಿಲ್ಲ, ಮುಖ್ಯ ಸಂಚಿಕೆಯೂ ಬೇಕು.

ಸ್ಟೆಲ್ವಿಯೊ ಆಸೆಯಿದ್ದರೆ

ಸ್ಟೆಲ್ವಿಯೊ ಅಂದರೆ ಮಾಲ್ಸ್ ಹತ್ತಿರದ ಎತ್ತರದ ಪಾಸ್. ಮಾಲ್ಸ್‌ನಲ್ಲಿ ಎರಡು ರಾತ್ರಿ ಉಳಿದು, ಸಾಮಾನನ್ನು ಕೋಣೆಯಲ್ಲಿಟ್ಟು ಹೊರಡಿ. ಪ್ರಾಟೊ ಊರಿನಿಂದ 24 ಕಿ.ಮೀ., 48 ಹೇರ್‌ಪಿನ್, ನೆತ್ತಿ 2,757 ಮೀಟರ್. ಏರಿಕೆ 1,800 ಮೀಟರ್ ದಾಟುತ್ತದೆ, ಅಂದರೆ ನಾಲ್ಕು ನಂದಿ ಒಂದರ ಮೇಲೊಂದು. ಮೇಲೆ ಹೇಳಿದ ಸಾವಿರದ ಹಟವನ್ನು ನಾನೂ ಮುರಿಯುವುದು ಇಲ್ಲೊಂದೇ ಕಡೆ, ಅದೂ ಬರಿಗೈಯಲ್ಲಿ. ಇಳಿಯಲು ಅದೇ ದಾರಿ ಬೇಡ. ಉಂಬ್ರೈಲ್ ಪಾಸ್ ಕಡೆಯಿಂದ ಸ್ವಿಟ್ಜರ್ಲೆಂಡ್‌ನ ಸಾಂತಾ ಮರಿಯಾಗೆ ಇಳಿದು ಗ್ಲುರ್ನ್ಸ್ ಮೂಲಕ ವಾಪಸ್ ಬನ್ನಿ, ವಾಹನ ಕಡಿಮೆ. (ಫೋನಿನ ಡೇಟಾ!)

ಉಳಿದದ್ದು

ಮಾಲ್ಸ್‌ನಿಂದ ಮೆರಾನೊ ತನಕ ಸೇಬಿನ ತೋಟಗಳ ನಡುವೆ ಸುಖದ ಇಳಿಜಾರು. ಸಾಕಾದರೆ ಪಕ್ಕದಲ್ಲೇ ರೈಲಿದೆ. ಬೋಲ್ಜಾನೊ ದಾಟಿದ ಮೇಲೆ ಮಧ್ಯಾಹ್ನದಲ್ಲಿ ದಕ್ಷಿಣದಿಂದ ‘ಓರಾ’ ಎಂಬ ಗಾಳಿ ಎದುರು ಬೀಸುತ್ತದೆ. ಸಪಾಟು ದಾರಿಯಲ್ಲೂ ಬೆಟ್ಟ ಹತ್ತಿಸಿಬಿಡುತ್ತದೆ, ಆದ್ದರಿಂದ ಏಳಕ್ಕೆಲ್ಲ ಹೊರಟುಬಿಡಿ. ವೆರೋನಾದಿಂದ ಬ್ರೆನ್ನರ್ ಪಾಸ್ ಮೂಲಕ ಮ್ಯೂನಿಕ್‌ಗೆ ಬರುವ ರೈಲಿನಲ್ಲಿ ಸೈಕಲ್‌ಗೂ ಟಿಕೆಟ್ ಬೇಕು, ಜಾಗ ಕೆಲವೇ ಇರುತ್ತವೆ. ವಿಮಾನದ ಟಿಕೆಟ್ ತೆಗೆದ ದಿನವೇ ಅದನ್ನೂ ತೆಗೆದುಬಿಡಿ. ಭಾವಮೈದ ತೆಗೆದಿರಲಿಲ್ಲ. ಮೂರು ಪ್ಯಾಸೆಂಜರ್ ರೈಲು ಬದಲಿಸಿ ರಾತ್ರಿ ಹನ್ನೊಂದಕ್ಕೆ ಮನೆ ಮುಟ್ಟಿದ.