ಲಿನಕ್ಸ್ ಕರ್ನಲ್: ನೆಸ್ಟೆಡ್ ಸ್ಲೀಪ್ ವಾರ್ನಿಂಗ್ ಸುಳ್ಳೋ ನಿಜವೋ?

ನೆಸ್ಟೆಡ್ ಸ್ಲೀಪ್ ಎಂದರೆ, ಮಲಗಲು (ಕಾಯಲು) ಸಿದ್ಧವಾದ ಟಾಸ್ಕ್ ಅದರ ನಡುವೆಯೇ ಇನ್ನೊಂದು ಕಾಯುವ ಕೆಲಸಕ್ಕೆ ಇಳಿಯುವುದು. ಡಿಬಗ್_ಅಟಾಮಿಕ್_ಸ್ಲೀಪ್ (ಇಂಥ ತಪ್ಪು ಹಿಡಿಯುವ ಕರ್ನಲ್ ಆಯ್ಕೆ) ಆನ್ ಇದ್ದು, ವೇಟ್_ಇವೆಂಟ್‌ನ (ಕಂಡೀಶನ್ ನಿಜವಾಗುವ ತನಕ ಲೂಪಿನಲ್ಲಿ ಕಾಯಿಸುವ ಮ್ಯಾಕ್ರೋ) ಕಂಡೀಶನ್ ಒಳಗೆ ಮ್ಯೂಟೆಕ್ಸ್_ಲಾಕ್ (ಲಾಕ್ ಸಿಗದಿದ್ದರೆ ಟಾಸ್ಕನ್ನು ಮಲಗಿಸುವ ಕರೆ) ಕರೆದರೆ ಈ ವಾರ್ನಿಂಗ್ ಬರುತ್ತದೆ. ಲಾಕ್‌ಗಾಗಿ ಕಾದು ಎದ್ದ ಟಾಸ್ಕ್‌ನ ಸ್ಟೇಟ್ ಟಾಸ್ಕ್_ರನ್ನಿಂಗ್ (ಓಡುವ ಸ್ಥಿತಿ) ಆಗಿಬಿಡುತ್ತದೆ; ಆಮೇಲಿನ ಶೆಡ್ಯೂಲ್() ಅದನ್ನು ಮಲಗಿಸುವುದಿಲ್ಲ, ಲೂಪ್ ಸುಮ್ಮನೆ ಇನ್ನೊಂದು ಸುತ್ತು ಹೊಡೆಯುತ್ತದೆ.

ಲಾಕ್ ಅಪರೂಪಕ್ಕೆ ಮಾತ್ರ ಕಾಯಿಸುತ್ತದೆ, ಹೆಚ್ಚುವರಿ ಸುತ್ತಿನಿಂದ ತೊಂದರೆಯಿಲ್ಲ ಎಂಬುದು ಖಚಿತವಿದ್ದರಷ್ಟೇ, ವಾರ್ನಿಂಗ್ ತಡೆಯುವ ಸ್ಕೆಡ್_ಅನೋಟೇಟ್_ಸ್ಲೀಪ್() ಬಳಸಿ. ಅದನ್ನು ಕಂಡೀಶನ್ ಒಳಗೇ, ಲಾಕ್ ಕರೆಯುವ ಮುಂಚೆ ಇಡಿ. ಲೂಪಿನ ಹೊರಗಿಟ್ಟರೆ ಪ್ರಯೋಜನವಿಲ್ಲ, ಪ್ರತಿ ಸುತ್ತಿನಲ್ಲೂ ಸ್ಟೇಟ್ ಹೊಸದಾಗಿ ದಾಖಲಾಗುತ್ತದೆ. ಕಾರಣವನ್ನು ಕಾಮೆಂಟ್‌ನಲ್ಲಿ ದಯವಿಟ್ಟು ಬರೆಯಿರಿ.

ಪ್ರತಿ ಸುತ್ತಿನಲ್ಲೂ ಕಾಯುವಂತಿದ್ದರೆ ಅದು ನಿಜವಾದ ಬಗ್. ಆಗ ವೇಟ್_ಇವೆಂಟ್ ಬಿಟ್ಟು, ವೋಕನ್_ವೇಕ್_ಫಂಕ್ಷನ್ (ಎಬ್ಬಿಸಿದ್ದನ್ನು ಗುರುತಿಟ್ಟುಕೊಳ್ಳುವ ಫಂಕ್ಷನ್) ಜೊತೆ ವೇಟ್_ವೋಕನ್()ಗೆ ಬದಲಾಯಿಸಿ.

ವಾರ್ನಿಂಗ್ ಬೂಟ್‌ಗೆ ಒಮ್ಮೆ ಮಾತ್ರ ಕಾಣಿಸುತ್ತದೆ. ಮರುಪರೀಕ್ಷೆಗೆ ಡಿಬಗ್‌ಎಫ್‌ಎಸ್‌ನ (ಕರ್ನಲ್ ಡಿಬಗ್ ಮಾಡಲು ಇರುವ ಫೈಲ್‌ಸಿಸ್ಟಮ್) ಕ್ಲಿಯರ್_ವಾರ್ನ್_ಒನ್ಸ್ ಫೈಲಿಗೆ 1 ಬರೆಯಿರಿ.