ಮುತ್ತಿನ ಚಿಪ್ಪಿನಲ್ಲಿ ಪರಾವಲಂಬಿ ಹುಡುಕೋದು: ನನ್ನ ಅನುಭವ

ಮುತ್ತಿನ ಚಿಪ್ಪಿಗೆ ಕಾಯಿಲೆ ಬಂದರೆ ಬೇಗ ಗೊತ್ತಾಗುವುದಿಲ್ಲ. ಮೊದಮೊದಲು ಬಾಯಿ ಮುಚ್ಚಿಕೊಂಡೇ ಸೊರಗುತ್ತದೆ. ಸಾಕುವ ಬುಟ್ಟಿಯನ್ನು ನೀರಿನಿಂದ ಮೇಲೆತ್ತಿದ ಕೂಡಲೇ ನಾನು ಹುಡುಕುವುದು ಬಾಯಿ ಬಿಟ್ಟುಕೊಂಡವನ್ನು. ಆರೋಗ್ಯವಾಗಿದ್ದರೆ ತಟ್ಟಿದ ತಕ್ಷಣ ಮುಚ್ಚಿಕೊಳ್ಳುತ್ತದೆ. ತಡವರಿಸಿದರೆ ಪರೀಕ್ಷೆಗೆ ಎತ್ತಿಡುತ್ತೇನೆ. ಸತ್ತು ವಾಸನೆ ಬಂದವು ಬೇಡ. ಕೊಳೆತ ಮಾಂಸದಲ್ಲಿ ಕೊಂದದ್ದು ಯಾವುದು, ಆಮೇಲೆ ಬಂದು ಸೇರಿಕೊಂಡದ್ದು ಯಾವುದು ಅಂತ ಹೇಳಲಾಗದು.

ಕೆಲವು ಕಾಟ ಚಿಪ್ಪು ಬಿಡಿಸಿದ ತಕ್ಷಣ ಕಣ್ಣಿಗೆ ಬೀಳುತ್ತವೆ. ಒಳಗಿನ ಹೊಳಪಿನಡಿ ಕಂದು ಉಬ್ಬು ಇದ್ದು, ಚುಚ್ಚಿದರೆ ಕೆಸರು ಬಂದರೆ ಅದು ಪಾಲಿಡೋರಾ ಹುಳು. ಚಿಪ್ಪು ಜರಡಿಯ ಹಾಗೆ ತೂತಾಗಿದ್ದರೆ ಕ್ಲಿಯೋನಾ ಸ್ಪಂಜು. ಮೊಟ್ಟೆ, ವೀರ್ಯ ಇರಬೇಕಾದ ಜಾಗದಲ್ಲಿ ಕವಲೊಡೆದ ಬಿಳಿ ಎಳೆಗಳು ಕಂಡರೆ ಒಂದು ಚೂರು ಗಾಜಿನ ಮೇಲೆ ಒತ್ತಿ ನೋಡುತ್ತೇನೆ. ಉದ್ದನೆಯ ಎರಡೆರಡು ಬಾಲವಿರುವ ಮರಿಗಳು ಈಜಾಡುತ್ತಿದ್ದರೆ ಬ್ಯುಸೆಫಾಲಿಡ್ ಚಪ್ಪಟೆಹುಳು. ಆ ಚಿಪ್ಪಿನ ಪ್ರಾಣಿ ಇನ್ನು ಮರಿ ಮಾಡುವುದು ಕಷ್ಟ.

ತಲೆನೋವು ಕೊಡುವುದು ಪರ್ಕಿನ್ಸಸ್. ಏಕಕೋಶಿ, ಬರಿಗಣ್ಣಿಗೆ ಕಾಣುವುದೇ ಇಲ್ಲ. ಇದಕ್ಕೆ ನನ್ನ ನಂಬಿಕೆ ಹಳೆಯ ಥಯೋಗ್ಲೈಕೊಲೇಟ್ ದ್ರವದ ಮೇಲೆ. ಕಿವಿರು, ಮ್ಯಾಂಟಲ್ (ಚಿಪ್ಪಿನ ಒಳಮೈಗೆ ಹೊಂದಿಕೊಂಡ ತೆಳು ಮಾಂಸದ ಪದರ), ಗುದನಾಳದಿಂದ ಸಣ್ಣ ತುಂಡು ಕತ್ತರಿಸಿ, ಆಂಟಿಬಯಾಟಿಕ್ ಮತ್ತು ಬೂಷ್ಟುನಾಶಕ ಬೆರೆಸಿದ ದ್ರವದಲ್ಲಿ ಮುಳುಗಿಸಿ, ಕತ್ತಲಲ್ಲಿ 5ರಿಂದ 7 ದಿನ ಬಿಡುತ್ತೇನೆ. ಪರಾವಲಂಬಿ ಇದ್ದರೆ ಅದರ ಕೋಶಗಳು ಅಲ್ಲೇ ಉಬ್ಬುತ್ತವೆ. ಆಮೇಲೆ ತುಂಡನ್ನು ಬ್ಲೇಡಿನಿಂದ ಚೂರು ಮಾಡಿ, ಒಂದು ಹನಿ ಲ್ಯೂಗಾಲ್ ಅಯೋಡಿನ್ ಹಾಕಿ, ಮೇಲೆ ಗಾಜು ಮುಚ್ಚಿ ಮೈಕ್ರೋಸ್ಕೋಪ್ ಅಡಿ ಇಡುವುದು. ಹಳದಿ ಮಾಂಸದ ನಡುವೆ ಗುಂಡನೆಯ, ಅಂಚು ಸ್ಪಷ್ಟವಾದ ನೀಲಿಗಪ್ಪು ಚುಕ್ಕೆಗಳು ಎದ್ದು ಕಾಣುತ್ತವೆ.

ಕಪ್ಪಾಗಿ ಕಂಡದ್ದೆಲ್ಲ ಪರ್ಕಿನ್ಸಸ್ ಅಲ್ಲ, ಅಷ್ಟೇ. ಗುದನಾಳದಲ್ಲಿ ತಿಂದ ಪಾಚಿ ಉಳಿದಿರುತ್ತೆ ಅಲ್ವಾ, ಅದರ ಪಿಷ್ಟಕ್ಕೂ ಅಯೋಡಿನ್ ಹಿಡಿಯುತ್ತದೆ. ಹಾಗಾಗಿ ಕಿವಿರಿನಲ್ಲೂ ಸಿಕ್ಕರೆ ಮಾತ್ರ ನನಗೆ ಧೈರ್ಯ. ಅನುಮಾನ ಬಂದರೆ ಉಬ್ಬಿದ ಕೋಶಗಳನ್ನು ಶುದ್ಧ ಸಮುದ್ರದ ನೀರಿಗೆ ಹಾಕಿಡುತ್ತೇನೆ. ಪರ್ಕಿನ್ಸಸ್ ಆದರೆ ಒಳಗೆ ವಿಭಜನೆಯಾಗಿ ಈಜುವ ಮರಿಕೋಶಗಳು ಹೊರಬರುತ್ತವೆ.

ಯಾವ ಜಾತಿ ಅನ್ನೋದು ಇಷ್ಟರಿಂದ ತಿಳಿಯದು. ಆದ್ದರಿಂದ ಪ್ರತಿ ಚಿಪ್ಪಿನದೂ ಇನ್ನೊಂದು ತುಂಡು 95 ಶೇಕಡಾ ಎಥೆನಾಲಿನಲ್ಲಿ ಪಿಸಿಆರ್‌ಗೆ (ಡಿಎನ್‌ಎ ಹುಡುಕುವ ಪರೀಕ್ಷೆ), ಮತ್ತೊಂದು ಮಾಂಸ ಕೆಡದಂತೆ ಇಡುವ ಡೇವಿಡ್‌ಸನ್ ದ್ರವದಲ್ಲಿ ಅಂಗಾಂಶ ಪರೀಕ್ಷೆಗೆ. ಪರ್ಕಿನ್ಸಸ್ ಓಲ್ಸೆನಿ ಎಂಬ ಜಾತಿ, ವರದಿ ಮಾಡಬೇಕಾದ ರೋಗಗಳ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿದೆ, ಜಾತಿಯ ಹೆಸರು ಖಚಿತವಾಗಲೇಬೇಕು. ಆದರೆ ಪಿಸಿಆರ್ ಒಂದನ್ನೇ ನಂಬುವವರನ್ನು ಕಂಡರೆ ನನಗೆ ಸ್ವಲ್ಪ ಸಿಡುಕು. ಅದು ಹೇಳುವುದು ಡಿಎನ್‌ಎ ಇದೆ ಅಂತ. ಪರಾವಲಂಬಿ ಮಾಂಸದೊಳಗೆ ಬೆಳೆಯುತ್ತಿದೆಯಾ, ಸುಮ್ನೆ ನೀರಿನ ಜೊತೆ ಬಂದು ಕೂತಿದೆಯಾ ಅನ್ನೋದು ಅಂಗಾಂಶ ಸೀಳಿ ನೋಡಿದಾಗಲೇ ಗೊತ್ತಾಗುವುದು.

ಹತ್ತು ಚಿಪ್ಪು ನೋಡಿ 'ರೋಗ ಇಲ್ಲ' ಅನ್ನುವುದೂ ಬೇಡ. 100ಕ್ಕೆ 2ರಂತೆ ಸೋಂಕಿದ್ದರೆ, 95 ಶೇಕಡಾ ಭರವಸೆಯಿಂದ ಹಿಡಿಯಲು ಸುಮಾರು 150 ಚಿಪ್ಪು ಬೇಕು. ಅಷ್ಟನ್ನು ಕೊಲ್ಲಲು ಕೈ ಬರುವುದಿಲ್ಲ, ನಿಜ. ಅದಕ್ಕೇ ದೊಡ್ಡ ಮಾದರಿಯನ್ನು ಬೇಸಿಗೆಯ ಕೊನೆಗೆ ಇಟ್ಟುಕೊಂಡಿದ್ದೇನೆ. ನೀರು ಬೆಚ್ಚಗಿದ್ದು ಉಪ್ಪು ಜಾಸ್ತಿ ಇರುವಾಗ ಪರ್ಕಿನ್ಸಸ್ ಚೆನ್ನಾಗಿ ಹೆಚ್ಚುತ್ತದೆ, ತಪ್ಪಿಸಿಕೊಳ್ಳುವುದು ಕಡಿಮೆ.