ಬೇರೆ ಎಂಜಿನ್ನಿನ ಬಿಡಿಭಾಗ ನಿಮ್ಮ ಡೀಸೆಲ್ ಎಂಜಿನ್ನಿಗೆ ಹೊಂದೀತೇ? ಅಳೆದು ನೋಡುವ ಕ್ರಮ

ಹಳೆಯ ಡೀಸೆಲ್ ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟುವಾಗ ಅದರದೇ ಪಿಸ್ಟನ್ ಅಥವಾ ಕನೆಕ್ಟಿಂಗ್ ರಾಡ್ ಸಿಗದೆ, ಅಷ್ಟೇ ಬೋರ್ (ಸಿಲಿಂಡರಿನ ಒಳವ್ಯಾಸ) ಇರುವ ಇನ್ನೊಂದು ಮಾದರಿಯ ಭಾಗಗಳನ್ನು ಬಳಸಬೇಕಾಗಿ ಬರುವುದುಂಟು. ಹೆಚ್ಚಿನ ಶಕ್ತಿಗಾಗಿ ಉದ್ದ ಸ್ಟ್ರೋಕಿನ (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ) ಕ್ರ್ಯಾಂಕ್‌ಶಾಫ್ಟ್ ಹಾಕಿಸುವವರೂ ಇದ್ದಾರೆ. ಎರಡೂ ಸಾಧ್ಯ. ಆದರೆ ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಹೊತ್ತಿಕೊಳ್ಳುವುದು ಒತ್ತಡಕ್ಕೆ ಸಿಕ್ಕಿ ಕಾದ ಗಾಳಿಯಿಂದ. ಪಿಸ್ಟನ್ ಮೇಲ್ತುದಿಗೆ ಬಂದಾಗ ಅದಕ್ಕೂ ಸಿಲಿಂಡರಿನ ಮುಚ್ಚಳವಾದ ಹೆಡ್‌ಗೂ ನಡುವೆ ಉಳಿಯುವ ಜಾಗ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು ಮಾತ್ರ. ಆದ್ದರಿಂದ ಪೆಟ್ರೋಲ್ ಎಂಜಿನ್ನಿನಲ್ಲಿ ನಡೆದುಹೋಗುವ ಎಷ್ಟೋ ಸಣ್ಣ ವ್ಯತ್ಯಾಸಗಳು ಇಲ್ಲಿ ನಡೆಯುವುದಿಲ್ಲ.

ಮೊದಲು ಲೆಕ್ಕ

ಭಾಗಗಳನ್ನು ಕೊಳ್ಳುವ ಮೊದಲೇ ಮಾಡಬೇಕಾದ ಕೂಡುವ ಲೆಕ್ಕವೊಂದಿದೆ. ಸ್ಟ್ರೋಕಿನ ಅರ್ಧ, ರಾಡಿನ ಎರಡು ರಂಧ್ರಗಳ ಕೇಂದ್ರಗಳ ನಡುವಿನ ಉದ್ದ, ಪಿಸ್ಟನ್ನಿನಲ್ಲಿ ರಾಡಿಗೆ ಜೋಡಿಸುವ ಪಿನ್ನಿನ ಕೇಂದ್ರದಿಂದ ನೆತ್ತಿಯವರೆಗಿನ ಎತ್ತರ, ಈ ಮೂರನ್ನೂ ಕೂಡಿಸಿ, ಕ್ರ್ಯಾಂಕಿನ ಕೇಂದ್ರದಿಂದ ಬ್ಲಾಕಿನ ಮೇಲ್ಮೈವರೆಗಿನ ಎತ್ತರದೊಂದಿಗೆ ಹೋಲಿಸಬೇಕು. ಉದಾಹರಣೆಗೆ ಸ್ಟ್ರೋಕ್ 120 ಮಿ.ಮೀ., ರಾಡ್ 190 ಮಿ.ಮೀ., ಪಿನ್ನಿನ ಮೇಲಿನ ಎತ್ತರ 65.5 ಮಿ.ಮೀ. ಎಂದಾದರೆ ಮೊತ್ತ 315.5. ಬ್ಲಾಕಿನ ಎತ್ತರ 315 ಇದ್ದರೆ ಪಿಸ್ಟನ್ ಅರ್ಧ ಮಿಲಿಮೀಟರ್ ಮೇಲೆ ಇಣುಕುತ್ತದೆ. ಬಿಗಿದ ಮೇಲೆ 1.5 ಮಿ.ಮೀ. ಉಳಿಯುವ ಗ್ಯಾಸ್ಕೆಟ್ ಹಾಕಿದರೆ ಹೆಡ್‌ಗೆ ಒಂದು ಮಿಲಿಮೀಟರ್ ಅಂತರ ಸಿಗುತ್ತದೆ. ಇದೇ ಬ್ಲಾಕಿಗೆ 126 ಮಿ.ಮೀ. ಸ್ಟ್ರೋಕಿನ ಕ್ರ್ಯಾಂಕ್ ಹಾಕಿದರೆ ಪಿಸ್ಟನ್ 3 ಮಿ.ಮೀ. ಮೇಲೇರಿ ಹೆಡ್‌ಗೆ ಬಡಿಯುತ್ತದೆ. ಆಗ ಪಿನ್ನಿನ ಮೇಲಿನ ಎತ್ತರ ಅಷ್ಟು ಕಡಿಮೆ ಇರುವ ಪಿಸ್ಟನ್ ಅಥವಾ ಗಿಡ್ಡ ರಾಡ್ ಹುಡುಕಲೇಬೇಕು.

ಪಿಸ್ಟನ್ ಗಿಡ್ಡವಾದರೆ ಬಡಿಯುವ ಭಯವಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. 102 ಮಿ.ಮೀ. ಬೋರ್, 120 ಮಿ.ಮೀ. ಸ್ಟ್ರೋಕ್ ಇರುವ ಸಿಲಿಂಡರಿನ ಕಂಪ್ರೆಷನ್ ಅನುಪಾತ (ಗಾಳಿ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬುದು) 17.5 ಎಂದಿಟ್ಟುಕೊಳ್ಳಿ. ಪಿಸ್ಟನ್ ಕೇವಲ 0.3 ಮಿ.ಮೀ. ಕೆಳಗೆ ನಿಂತರೂ ಅನುಪಾತ ಸುಮಾರು 16.8ಕ್ಕೆ ಇಳಿಯುತ್ತದೆ. ಇಳಿಕೆ ಇನ್ನಷ್ಟು ಹೆಚ್ಚಾದರೆ ಚಳಿಯಲ್ಲಿ ಎಂಜಿನ್ ಹಿಡಿಯಲು ಸತಾಯಿಸುತ್ತದೆ, ಬಿಳಿ ಹೊಗೆ ಉಗುಳುತ್ತದೆ.

ನೆತ್ತಿಯ ಬಟ್ಟಲು

ಬೋರ್, ಪಿನ್ನು, ಎತ್ತರ ಎಲ್ಲವೂ ಸರಿಹೊಂದಿದ ಮೇಲೂ ಎಂಜಿನ್ನನ್ನು ಹಾಳುಗೆಡವಬಲ್ಲ ಸಂಗತಿಯೆಂದರೆ ಪಿಸ್ಟನ್ನಿನ ನೆತ್ತಿಯಲ್ಲಿರುವ ದಹನದ ಬಟ್ಟಲು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಅತಿ ಹೆಚ್ಚು ಗಮನ ಬೇಡುವುದು ಇದೇ. ನೇರ ಇಂಜೆಕ್ಷನ್ ಇರುವ ಎಂಜಿನ್ನಿನಲ್ಲಿ ನಾಝಲ್ಲಿನ ರಂಧ್ರಗಳು ಒಂದು ನಿರ್ದಿಷ್ಟ ಕೋನದಲ್ಲಿ ಇಂಧನವನ್ನು ಈ ಬಟ್ಟಲಿನೊಳಗೇ ಬೀಳುವಂತೆ ಚಿಮ್ಮಿಸುತ್ತವೆ. ಅಗಲ ಬಾಯಿಯ ಬಟ್ಟಲಿಗೆಂದು ಮಾಡಿದ ನಾಝಲ್ ಅನ್ನು ಕಿರಿದಾದ, ಅಂಚು ಒಳಬಾಗಿದ ಬಟ್ಟಲಿನ ಮೇಲೆ ಬಳಸಿದರೆ ಸಿಂಪಡಿಕೆ ಅಂಚಿಗೆ ತಾಗಿ ಹೊರಗೆ ಚೆಲ್ಲುತ್ತದೆ. ಅದು ಸಿಲಿಂಡರಿನ ಗೋಡೆಯ ಆಯಿಲ್ ಅನ್ನು ತೊಳೆದು ಸಂಪಿಗೆ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ) ಇಳಿಯುತ್ತದೆ, ಅಂಚಿನ ಲೋಹ ಅತಿಯಾಗಿ ಕಾದು ಬಿರುಕು ಬಿಡುತ್ತದೆ. ಎರಡು ವಾಲ್ವಿನ ಹೆಡ್‌ಗಳಲ್ಲಿ ಇಂಜೆಕ್ಟರ್ ಓರೆಯಾಗಿರುವುದರಿಂದ ಬಟ್ಟಲು ಸಾಮಾನ್ಯವಾಗಿ ನಡುವಿನಿಂದ ಸ್ವಲ್ಪ ಸರಿದಿರುತ್ತದೆ. ನಾಲ್ಕು ವಾಲ್ವಿನವುಗಳಲ್ಲಿ ಅದು ನಟ್ಟನಡುವೆ ಇರುತ್ತದೆ. ಇವೆರಡನ್ನು ಅದಲುಬದಲು ಮಾಡಕೂಡದು. ಹೆಡ್‌ನಲ್ಲೇ ಪ್ರತ್ಯೇಕ ದಹನ ಕೋಣೆ ಇರುವ ಎಂಜಿನ್ನಿನ ಪಿಸ್ಟನ್ ಅಂತೂ ನೇರ ಇಂಜೆಕ್ಷನ್ನಿಗೆ ಬರುವುದೇ ಇಲ್ಲ. ಹಾಗಾಗಿ ಹಳೆಯ ಪಿಸ್ಟನ್ ಮತ್ತು ಹೊಸದನ್ನು ಅಕ್ಕಪಕ್ಕ ಇಟ್ಟು ಬಟ್ಟಲಿನ ಬಾಯಿಯ ವ್ಯಾಸ, ಆಳ ಮತ್ತು ಅದು ಸರಿದಿರುವ ದೂರವನ್ನು ಅಳೆಯಿರಿ. ಬಟ್ಟಲು ಬೇರೆಯಾಗಿದ್ದರೆ ಅದಕ್ಕೆ ತಕ್ಕ ನಾಝಲ್ಲನ್ನೂ ಬದಲಿಸಿ.

ರಾಡ್, ಪಿನ್, ಬೇರಿಂಗ್

ಪಿನ್ನಿನ ವ್ಯಾಸ ಒಂದೇ ಇದ್ದರೆ ಸಾಲದು. ರಾಡಿನ ಮೇಲ್ತುದಿಯ ಆಕಾರ ನೋಡಬೇಕು. ಕೆಲವು ರಾಡುಗಳ ಮೇಲ್ತುದಿ ನೇರವಾಗಿರುತ್ತದೆ, ಕೆಲವುಗಳದು ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ. ಕಿರಿದಾದ ತುದಿಗೆಂದು ಮಾಡಿದ ಪಿಸ್ಟನ್ನಿನೊಳಗೆ ನೇರ ತುದಿಯ ರಾಡ್ ಹಿಡಿಸುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ಜೋಡಿ ಸುಲಭವಾಗಿ ಕೂರುತ್ತದಾದರೂ ಪಿನ್ನಿಗೆ ಸಿಗಬೇಕಾದ ಆಧಾರ ಕಡಿಮೆಯಾಗುವುದರಿಂದ ಹೆಚ್ಚು ಭಾರ ಹೊರುವ ಎಂಜಿನ್ನಿಗೆ ತಕ್ಕದ್ದಲ್ಲ.

ಕ್ರ್ಯಾಂಕ್ ಬೇರೆಯದಾದಾಗ ಜರ್ನಲ್ಲಿನ (ಬೇರಿಂಗಿನೊಳಗೆ ತಿರುಗುವ ದುಂಡು ಭಾಗದ) ವ್ಯಾಸದ ಜೊತೆಗೆ ಅದರ ಎರಡೂ ಅಂಚಿನಲ್ಲಿರುವ ಬಾಗಿದ ಮೂಲೆಯನ್ನು ಪರೀಕ್ಷಿಸಿ. ಆ ಬಾಗು ದೊಡ್ಡದಿದ್ದು ಬೇರಿಂಗ್ ಅಗಲವಾಗಿದ್ದರೆ ಬೇರಿಂಗಿನ ಅಂಚು ಮೂಲೆಯ ಮೇಲೆ ಹತ್ತಿ ಕೂರುತ್ತದೆ, ಆಯಿಲಿನ ಪದರ ಅಲ್ಲಿ ಹರಿದು ಬೇರಿಂಗ್ ಸುಡುತ್ತದೆ. ಬೇರಿಂಗಿನ ಸಡಿಲಕ್ಕೆ ಜರ್ನಲ್ ವ್ಯಾಸದ ಸಾವಿರದ ಒಂದು ಭಾಗ, ಅಂದರೆ 70 ಮಿ.ಮೀ. ಜರ್ನಲ್ಲಿಗೆ ಸುಮಾರು 0.07 ಮಿ.ಮೀ. ಎಂಬುದು ಸ್ಥೂಲ ಅಂದಾಜು. ತಯಾರಕರ ಅಂಕಿ ಸಿಕ್ಕಿದರೆ ಅದನ್ನೇ ಪಾಲಿಸಬೇಕು. ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಡಿಲವನ್ನು ಮಾತ್ರ ಎಂಜಿನ್ನಿನ ಪುಸ್ತಕ ನೋಡಿ ನಿರ್ಧರಿಸದೆ, ಆ ಪಿಸ್ಟನ್ ತಯಾರಿಸಿದವರು ಹೇಳಿದಂತೆ ಇಡಿ. ಅಲ್ಯುಮಿನಿಯಂ ಮಿಶ್ರಲೋಹ ಬಿಸಿಯಾದಾಗ ಎರಕದ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಮಿಶ್ರಲೋಹ ಬದಲಾದಂತೆ ಆ ಹಿಗ್ಗುವಿಕೆಯೂ ಬದಲಾಗುತ್ತದೆ.

ಒಂದು ಸಿಲಿಂಡರಿನ ಒಣ ಜೋಡಣೆ

ಈಗ ರಿಂಗುಗಳಿಲ್ಲದೆ ಒಂದೇ ಪಿಸ್ಟನ್ನನ್ನು ರಾಡಿನೊಂದಿಗೆ ಕೂರಿಸಿ, ಬೋಲ್ಟುಗಳನ್ನು ಬಿಗಿದು, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ಪಿಸ್ಟನ್ನಿನ ಕೆಳ ಅಂಚು ಕ್ರ್ಯಾಂಕಿನ ಪ್ರತಿತೂಕಕ್ಕಾಗಲಿ ತಣಿಸುವ ಆಯಿಲ್ ಜೆಟ್ಟಿಗಾಗಲಿ ತಾಗುವುದೇ, ರಾಡಿನ ಬೋಲ್ಟು ಬ್ಲಾಕಿಗೆ ಅಥವಾ ಕ್ಯಾಮ್‌ಶಾಫ್ಟಿಗೆ ಉಜ್ಜುವುದೇ ಎಂದು ಟಾರ್ಚ್ ಹಿಡಿದು ನೋಡಿ. ಎಲ್ಲಿಯಾದರೂ ತಡೆ ಕಂಡರೆ ಬಲ ಹಾಕದೆ ಅಲ್ಲೇ ನಿಲ್ಲಿಸಿ.

ನಂತರ ಡಯಲ್ ಗೇಜನ್ನು ಬ್ಲಾಕಿನ ಮೇಲ್ಮೈಯಲ್ಲಿ ಸೊನ್ನೆಗೆ ಇಟ್ಟು, ಪಿಸ್ಟನ್ ಮೇಲ್ತುದಿಯಲ್ಲಿರುವಾಗ ಅದರ ನೆತ್ತಿಯನ್ನು ಅಳೆಯಬೇಕು. ಗೇಜಿನ ಮುಳ್ಳು ಪಿನ್ನಿನ ಗೆರೆಯ ಮೇಲೇ ಇರಲಿ, ಏಕೆಂದರೆ ಆ ಗೆರೆಯ ಎರಡು ಪಕ್ಕಗಳಲ್ಲಿ ಪಿಸ್ಟನ್ ತೂಗಾಡಿ ಸುಳ್ಳು ಅಳತೆ ತೋರಿಸುತ್ತದೆ. ಹೀಗೆ ಎಲ್ಲ ಸಿಲಿಂಡರುಗಳನ್ನೂ ಅಳೆದು, ಅತಿ ಎತ್ತರಕ್ಕೆ ಬಂದ ಪಿಸ್ಟನ್ನಿಗೆ ತಕ್ಕ ದಪ್ಪದ ಗ್ಯಾಸ್ಕೆಟ್ ಆರಿಸಿ. ವಾಲ್ವಿಗೆ ಎಷ್ಟು ಜಾಗವಿದೆ ಎಂದು ತಿಳಿಯಲು ನೆತ್ತಿಯ ಮೇಲೆ ಮೆತ್ತನೆಯ ಆಟದ ಜೇಡಿಯನ್ನಿಟ್ಟು, ಹೆಡ್ ಮತ್ತು ವಾಲ್ವುಗಳನ್ನು ಜೋಡಿಸಿ, ಟೈಮಿಂಗ್ ಸರಿಯಿಟ್ಟು ತಿರುಗಿಸಿ ಬಿಚ್ಚಿದರೆ ಅಚ್ಚು ಮೂಡಿರುತ್ತದೆ. ಅದನ್ನು ಸೀಳಿ ಅತಿ ತೆಳುವಾದ ಕಡೆ ಅಳೆಯಿರಿ.

ತೂಕ ಮತ್ತು ಮೊದಲ ಓಟ

ಸಾಲು ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ ಮತ್ತು ರಾಡುಗಳ ತೂಕ ಪರಸ್ಪರ ಸಮವಾಗಿದ್ದರೆ ಬಹುತೇಕ ಸಾಕು. ಒಂದು ಸಿಲಿಂಡರಿನ ಎಂಜಿನ್ ಮತ್ತು ಹಲವು ವಿ ಮಾದರಿಯ ಎಂಜಿನ್ನುಗಳಲ್ಲಿ ಪ್ರತಿತೂಕಗಳನ್ನು ಮೂಲ ಪಿಸ್ಟನ್ನಿನ ತೂಕಕ್ಕೆ ತಕ್ಕಂತೆ ಮಾಡಿರುವುದರಿಂದ, ತೂಕ ಬದಲಾದರೆ ಕ್ರ್ಯಾಂಕನ್ನು ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು.

ರಿಂಗುಗಳ ಬಾಯಿ (ಎರಡು ತುದಿಗಳ ನಡುವಿನ ಸಂದು) ಅಳೆದು, ಎಲ್ಲವನ್ನೂ ತೊಳೆದು, ಆಯಿಲ್ ಸವರಿ ಕೊನೆಯ ಜೋಡಣೆ ಮಾಡಿ. ಮೊದಲ ಬಾರಿಗೆ ಚಾಲೂ ಮಾಡುವ ಮುನ್ನ ಇಂಧನ ನಿಲ್ಲಿಸಿ, ಆಯಿಲ್ ಒತ್ತಡ ಏರುವವರೆಗೆ ಸ್ಟಾರ್ಟರಿನಿಂದ ಬಿಟ್ಟು ಬಿಟ್ಟು ತಿರುಗಿಸಿ. ಮೊದಲ ಓಟದ ನಂತರ ಆಯಿಲ್ ಫಿಲ್ಟರನ್ನು ಕತ್ತರಿಸಿ ಅದರ ಮಡಿಕೆಗಳನ್ನು ಬಿಡಿಸಿ ನೋಡಿ: ತಾಮ್ರದ ಬಣ್ಣದ ಹುಡಿ ಅಥವಾ ಮಿನುಗುವ ಚಕ್ಕೆ ಕಂಡರೆ ಎಂಜಿನ್ನನ್ನು ಮುಂದೆ ಓಡಿಸದೆ ಸಂಪ್ ಇಳಿಸಿ, ಬೇರಿಂಗುಗಳನ್ನು ಒಂದೊಂದಾಗಿ ತೆರೆದು ಪರೀಕ್ಷಿಸಿ.